ಇಟ್ಟಿಗೆಯ ಮೇಲೆ ಇಟ್ಟಿಗೆಯ ಚಿತ್ರ

ಕಳೆದ ತಿಂಗಳು ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಹಾಲ್‌ನ ಒಂದು ಗೋಡೆಯ ತುಂಬ ಬಿಳಿ ಇಟ್ಟಿಗೆ ಜೋಡಿಸಿದ ಹಾಗಿತ್ತು. ಮುಟ್ಟಿದರೆ ಬೆರಳು ಒಳಗೆ ಹೋಯಿತು. ಫೋಮ್ ಸ್ಟಿಕರ್. ಆನ್‌ಲೈನಿನಲ್ಲಿ ತರಿಸಿ, ಹಿಂದಿನ ಕಾಗದ ಸುಲಿದು ಅಂಟಿಸಿದರೆ ಮುಗಿಯಿತು. "ಗೋಡೆ ಅಲ್ಲಲ್ಲಿ ಉಬ್ಬಿ ಅಸಹ್ಯವಾಗಿತ್ತು ಕಣೇ, ಈಗ ನೋಡು" ಅಂದಳು. ನೋಡಿದೆ. ಆ ಫೋಮಿನ ಹಿಂದೆ ಬಣ್ಣ, ಬಣ್ಣದ ಹಿಂದೆ ಪುಟ್ಟಿ, ಪುಟ್ಟಿಯ ಹಿಂದೆ ಸಿಮೆಂಟಿನ ಗಾರೆ, ಗಾರೆಯ ಹಿಂದೆ ನಿಜವಾದ ಇಟ್ಟಿಗೆ. ಇಟ್ಟಿಗೆ ಕಾಣಬಾರದೆಂದು ಇಷ್ಟೆಲ್ಲ ಮೆತ್ತಿ, ಮೆತ್ತಿದ್ದು ಚೆನ್ನಾಗಿ ಕಾಣಲಿಲ್ಲವೆಂದು ಮೇಲೆ ಇಟ್ಟಿಗೆಯ ಚಿತ್ರ ಅಂಟಿಸಿದ್ದಾಯಿತು. ಕಾಫಿ ಕುಡಿದು, ಚೆನ್ನಾಗಿದೆ ಅಂತ ಹೇಳಿ ಬಂದೆ. ಅಲ್ಲಿ ಹೇಳಲಾರದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಗೋಡೆ ಮುಚ್ಚುವುದು ಈಗ ಒಂದು ದೊಡ್ಡ ವ್ಯಾಪಾರ. ವಾಲ್‌ಪೇಪರ್, ಪಿವಿಸಿ ಪ್ಯಾನೆಲ್, ಚಾರ್ಕೋಲ್ ಪ್ಯಾನೆಲ್, ಉದ್ದುದ್ದ ಪಟ್ಟಿಗಳ ಲೂವರ್, ಅಮೃತಶಿಲೆಯ ಗೆರೆ ಮುದ್ರಿಸಿದ ಹಾಳೆ. ಅಂಗಡಿಯವರು ಹೇಳುವ ಮಾತು ಎಲ್ಲ ಕಡೆ ಒಂದೇ: ಗೋಡೆ ಹೇಗಾದರೂ ಇರಲಿ ಮೇಡಂ, ಒಂದು ದಿನದಲ್ಲಿ ಕವರ್ ಮಾಡಿಕೊಡುತ್ತೇವೆ. ನನ್ನ ತಕರಾರು ಇರುವುದು ಈ "ಹೇಗಾದರೂ ಇರಲಿ" ಎನ್ನುವುದರ ಮೇಲೆ. ಚಂದ ಮಾಡುವುದರ ಬಗ್ಗೆ ನನ್ನದೇನೂ ಆಕ್ಷೇಪವಿಲ್ಲ. ಆದರೆ ಗೋಡೆ ಹೇಗಿದೆ ಎಂದು ಕೇಳುವುದನ್ನೇ ಬಿಟ್ಟು ಅದನ್ನು ಮುಚ್ಚಿದರೆ, ನಾವು ಹಣ ಕೊಟ್ಟು ಕೊಂಡುಕೊಳ್ಳುವುದು ಚಂದವನ್ನಲ್ಲ, ಮರೆವನ್ನು. ಆ ಮರೆವಿನ ಬೆಲೆಯನ್ನು ಸಾಮಾನ್ಯವಾಗಿ ಕೊಂಡವರು ಕೊಡುವುದಿಲ್ಲ, ಆ ಗೋಡೆಯ ಪಕ್ಕ ಮಲಗುವವರು ಕೊಡುತ್ತಾರೆ.

ಮೊದಲು ಉಬ್ಬುತಗ್ಗಿನ ಮಾತು. ನಮ್ಮೂರಿನ ಭಟ್ಟಿಯ ಇಟ್ಟಿಗೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಮೇಸ್ತ್ರಿ ದಾರ ಹಿಡಿದು ನಾಲ್ಕೂವರೆ ಇಂಚಿನ ಗೋಡೆ ಎಬ್ಬಿಸುವಾಗ ಒಂದು ಮುಖವನ್ನು ಮಾತ್ರ ಸಮ ಮಾಡಬಲ್ಲ. ಇಟ್ಟಿಗೆಗಳ ಹೆಚ್ಚುಕಡಿಮೆಯೆಲ್ಲ ಇನ್ನೊಂದು ಮುಖಕ್ಕೆ ಹೋಗುತ್ತದೆ. ಸಮ ಇರುವ ಕಡೆ 12 ಮಿಲಿಮೀಟರ್ ಗಾರೆ ಸಾಕಾದರೆ, ಇನ್ನೊಂದು ಕಡೆ 15 ಅಥವಾ ಅದಕ್ಕೂ ಹೆಚ್ಚು ಹಾಕಬೇಕು. ಆಗಲೂ ಸ್ವಲ್ಪ ಅಲೆ ಉಳಿಯುತ್ತದೆ. ಅದು ತಪ್ಪಲ್ಲ, ಕೈಕೆಲಸ. ಕೈಮಗ್ಗದ ಸೀರೆಯಲ್ಲಿ ನೂಲಿನ ಗಂಟು ಕಂಡರೆ ಹೆಚ್ಚು ದುಡ್ಡು ಕೊಡುವ ನಾವು ಗೋಡೆಯಲ್ಲಿ ಕೈ ಕಂಡರೆ ನಾಚುತ್ತೇವೆ.

ಅಷ್ಟಕ್ಕೂ ಈ ಅಲೆ ನಮ್ಮ ಅಜ್ಜಿಯಂದಿರ ಕಣ್ಣಿಗೆ ಯಾಕೆ ಬೀಳಲಿಲ್ಲ? ಅವರ ಗೋಡೆಗಳು ನಮ್ಮವಕ್ಕಿಂತ ಹೆಚ್ಚು ಡೊಂಕಾಗಿದ್ದವು. ಸುಣ್ಣಕ್ಕೆ ಹೊಳಪಿಲ್ಲ, ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲಿಬಿಡುತ್ತದೆ. ಗೂಡಿನ ದೀಪಕ್ಕೋ ಕಿಟಕಿಯ ಬೆಳಕಿಗೋ ಅಂಥ ಗೋಡೆ ಮೆತ್ತಗೆ ಕಾಣುತ್ತದೆ. ನಾವು ಹೊಳೆಯುವ ಎಮಲ್ಷನ್ ಬಳಿದೆವು. ಆಮೇಲೆ ಸೀಲಿಂಗಿನ ಅಂಚಿಗೆ ಎಲ್‌ಇಡಿ ಪಟ್ಟಿ ಹಾಕಿ ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುವ ಹಾಗೆ ಮಾಡಿದೆವು. ಓರೆಯಾಗಿ ಬಿದ್ದ ಬೆಳಕಿಗೆ ಕೂದಲೆಳೆಯಷ್ಟು ಉಬ್ಬೂ ನೆರಳು ಬಿಡುತ್ತದೆ. ಮಧ್ಯಾಹ್ನ ಸರಿಯಾಗಿದ್ದ ಗೋಡೆ ಸಂಜೆ ಏಳಕ್ಕೆ ಸಿಡುಬಿನ ಮುಖವಾಗುತ್ತದೆ. ಆಗ ಪ್ಯಾನೆಲ್‌ನವನಿಗೆ ಫೋನು. ಆ ಪಟ್ಟಿಯ ಸ್ವಿಚ್ ಆರಿಸಿ, ಹೊಳಪಿಲ್ಲದ ಬಣ್ಣ ಬಳಿಸಿದ್ದರೆ ಮುಗಿಯುತ್ತಿದ್ದ ಸಮಸ್ಯೆ ಇದು.

ಇಷ್ಟೇ ಆಗಿದ್ದರೆ ಅಭಿರುಚಿಯ ಜಗಳ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಗೋಡೆ ಕೆಡುವುದಕ್ಕೆ ಎರಡನೆಯ ಕಾರಣ ನೀರು, ಮತ್ತು ಅಲ್ಲಿ ಅಭಿರುಚಿಯ ಮಾತು ನಿಲ್ಲುತ್ತದೆ. ಬಣ್ಣ ಗುಳ್ಳೆಯೇಳುವುದು, ಪುಟ್ಟಿ ಹಪ್ಪಳದ ಹಾಗೆ ಉದುರುವುದು, ಬಿಳಿಯ ಉಪ್ಪು ಪುಡಿಪುಡಿಯಾಗಿ ಹೊರಬರುವುದು, ಇವೆಲ್ಲ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಗೋಡೆಗೂ ಕಿವಿ ಇದೆ ಎನ್ನುತ್ತೇವೆ. ಬಾಯಿಯೂ ಇದೆ. ನೆಲದಿಂದ ಮೊಣಕಾಲಿನ ತನಕವೋ ಸೊಂಟದ ತನಕವೋ ಒಂದೇ ಮಟ್ಟದ ಕಲೆಯಿದ್ದರೆ ನೀರು ಪಾಯದಿಂದ ಏರುತ್ತಿದೆ. ಮೇಲಿನ ಮೂಲೆಯಲ್ಲಿದ್ದರೆ ತಾರಸಿಯೋ ಸಜ್ಜೆಯ ಬಿರುಕೋ ಇರಬೇಕು. ಆ ಕಡೆ ಬಚ್ಚಲುಮನೆಯಿದ್ದು, ಕಲೆ ಗೋಡೆಯ ನಡುವೆ ಇದ್ದರೆ ಪೈಪಿನ ಜಾಯಿಂಟನ್ನು ಅನುಮಾನಿಸಿ. ಅನುಮಾನ ಬಗೆಹರಿಯದಿದ್ದರೆ ಒಂದು ಸುಲಭ ಪರೀಕ್ಷೆಯಿದೆ: ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಹೊರಮೈಯಲ್ಲಿ ಕೂತರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆಯಿರಿ. ಹಾಳೆಯ ಹಿಂದೆ ಕೂತರೆ ಗೋಡೆಯೇ ಒದ್ದೆ.

ಒದ್ದೆ ಗೋಡೆಗೆ ಇರುವ ದಾರಿ ಒಂದೇ, ಒಣಗುವುದು. ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗಬೇಕು. ಅದರ ಮೇಲೆ ಪ್ಲಾಸ್ಟಿಕ್ಕಿನ ಹಲಗೆ ಹೊಡೆದರೆ ಆ ದಾರಿ ಮುಚ್ಚಿತು. ನೀರೇನೂ ವಾಪಸು ಹೋಗುವುದಿಲ್ಲ. ಇನ್ನೂ ಮೇಲಕ್ಕೆ, ಪಕ್ಕಕ್ಕೆ ಹರಿದು, ಎಲ್ಲಿ ತೆರೆದ ಜಾಗ ಸಿಗುತ್ತದೋ ಅಲ್ಲಿ ಹೊರಬರುತ್ತದೆ. ಹಲಗೆಗೂ ಗೋಡೆಗೂ ನಡುವಿನ ಕತ್ತಲಲ್ಲಿ ಬೂಷ್ಟು ಬೆಳೆಯುತ್ತದೆ. ಹಲಗೆ ಹೊಡೆಯಲು ಕೂರಿಸಿದ ಮರದ ಪಟ್ಟಿಗೆ ಗೆದ್ದಲು ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ಪ್ರಕಟಿಸಿತು. ಆಸ್ತಮಾ, ಕೆಮ್ಮು, ಉಸಿರಾಟದ ತೊಂದರೆಗಳಿಗೂ ಇಂಥ ಮನೆಗಳಿಗೂ ನಂಟಿದೆ ಎಂದಿತು. ಇಷ್ಟು ಬೂಷ್ಟು ಇದ್ದರೆ ಪರವಾಗಿಲ್ಲ ಎಂಬ ಅಳತೆಯನ್ನು ಮಾತ್ರ ಕೊಡಲಿಲ್ಲ, ಕೊಡುವುದು ಸಾಧ್ಯವಿಲ್ಲ ಎಂದಿತು.

ಇದನ್ನು ನಾನು ಪುಸ್ತಕ ಓದಿ ಕಲಿತವಳಲ್ಲ. ಬೆಂಗಳೂರಿನಲ್ಲಿ ನಾವಿದ್ದ ಒಂದು ಬಾಡಿಗೆ ಮನೆಯ ಮಲಗುವ ಕೋಣೆಗೆ ಮರದ ಬಣ್ಣದ ಪ್ಯಾನೆಲ್ ಹಾಕಿಸಿದ್ದರು. ಮನೆ ನೋಡಲು ಹೋದ ದಿನ ನಾನೂ ಅಮ್ಮನೂ ಮೆಚ್ಚಿದ್ದು ಅದನ್ನೇ. ಅಮ್ಮನ ಮಂಚ ಆ ಗೋಡೆಗೆ ತಾಗಿಸಿ ಹಾಕಿದೆವು. ಆಷಾಢದಲ್ಲಿ ಕೋಣೆಯಲ್ಲೊಂದು ವಾಸನೆ ಶುರುವಾಯಿತು. ಒದ್ದೆ ಬಟ್ಟೆಯನ್ನು ಮರೆತು ಬಕೆಟ್ಟಿನಲ್ಲಿ ಬಿಟ್ಟ ಹಾಗಿನ ವಾಸನೆ. ನಾವು ಹಾಸಿಗೆ ಒಗೆದೆವು, ಬೀರು ಖಾಲಿ ಮಾಡಿದೆವು, ಲೋಬಾನ ಹಾಕಿದೆವು. ಗೋಡೆಯನ್ನು ಅನುಮಾನಿಸಲಿಲ್ಲ, ಯಾಕೆಂದರೆ ಅಲ್ಲಿ ಗೋಡೆಯೇ ಕಾಣುತ್ತಿರಲಿಲ್ಲ. ಅಮ್ಮನ ಕೆಮ್ಮಿಗೆ ಎರಡು ಸಲ ಔಷಧಿ ಬದಲಾಯಿತು. ಕೊನೆಗೆ ಒಂದು ದಿನ ಪ್ಲಗ್ ಸರಿಮಾಡಲು ಬಂದ ಹುಡುಗ ಒಂದು ಪ್ಯಾನೆಲ್ ಬಿಚ್ಚಿದ. ಹಿಂದೆ ಗೋಡೆ ಕಪ್ಪಗಿತ್ತು, ಬಾಣಲೆಯ ತಳದ ಹಾಗೆ. ಗಾರೆ ಬೆರಳಿಗೆ ಹಿಟ್ಟಾಗಿ ಬಂತು. ಆ ಕಡೆ ಬಚ್ಚಲು.

ಅಮ್ಮನ ಕೆಮ್ಮಿಗೆ ಆ ಗೋಡೆಯೇ ಕಾರಣ ಎಂದು ನಾನು ಪ್ರಮಾಣ ಮಾಡಲಾರೆ. ಮಂಚ ಸರಿಸಿ ಹಾಲ್‌ಗೆ ತಂದ ಮೇಲೆ ಕಡಿಮೆಯಾದದ್ದು ಮಾತ್ರ ನಿಜ. ಮನೆ ಮಾಲೀಕರನ್ನು ಕರೆದು ತೋರಿಸಿದೆ. ಅವರು ನೋಡಿದ್ದು ಬೂಷ್ಟನ್ನಲ್ಲ, ಕೆಳಗೆ ಬಿದ್ದಿದ್ದ ಹಲಗೆಯನ್ನು. "ಅಷ್ಟು ಖರ್ಚು ಮಾಡಿ ಹಾಕ್ಸಿದ್ದೆ, ಕಿತ್ಬಿಟ್ರಲ್ಲ ಮೇಡಂ" ಅಂದರು. ಅವರಿಗೆ ಆ ಗೋಡೆಯ ಕಥೆ ಮೊದಲೇ ಗೊತ್ತಿತ್ತು ಎಂಬುದು ಆ ಒಂದು ಮಾತಿನಲ್ಲೇ ಗೊತ್ತಾಯಿತು. ಪೈಪು ಸರಿಮಾಡಿಸಲು ಬಚ್ಚಲಿನ ಟೈಲ್ಸ್ ಒಡೆಯಬೇಕು, ಅದು ವಾರದ ಕೆಲಸ. ಪ್ಯಾನೆಲ್ ಒಂದೇ ದಿನದ ಕೆಲಸ, ಜೊತೆಗೆ ಬಾಡಿಗೆಯನ್ನೂ ಏರಿಸಬಹುದು. ನಾನೇ ಕರೆಸಿದ ಗಾರೆ ಮೇಸ್ತ್ರಿ ಗೋಡೆಗೆ ಕಿವಿಯಿಟ್ಟು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿದ. "ಇದು ಒಣಗೋಕೆ ಒಂದು ಬೇಸಿಗೆ ಬೇಕು ಅಕ್ಕಾ, ಅಲ್ಲೀವರೆಗೂ ಏನೂ ಮೆತ್ತಬೇಡಿ, ಹಂಗೇ ಬಿಡಿ" ಅಂದ. ನೀರು ನಿಲ್ಲಿಸಿ, ಗಾರೆ ಕಿತ್ತು, ಬೆತ್ತಲೆ ಇಟ್ಟಿಗೆಯನ್ನು ಗಾಳಿಗೆ ಬಿಟ್ಟು ಕಾಯುವುದು. ಈ ಔಷಧಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಈ ಕಳ್ಳಾಟ ಹೊಸದೂ ಅಲ್ಲ, ನಮ್ಮದೊಂದೇ ಊರಿನದೂ ಅಲ್ಲ. 19ನೇ ಶತಮಾನದ ಇಂಗ್ಲೆಂಡಿನ ಮಧ್ಯಮ ವರ್ಗದವರು ತಮ್ಮ ಚಳಿ ಹಿಡಿದ ಗೋಡೆಗಳಿಗೆಲ್ಲ ಹೂಬಳ್ಳಿಯ ವಾಲ್‌ಪೇಪರ್ ಅಂಟಿಸಿದರು. ಅವರಿಗೆ ಪ್ರಿಯವಾದ ಹಸಿರುಗಳಲ್ಲಿ ಆರ್ಸೆನಿಕ್ ಇತ್ತು. ಕಲಾವಿದ, ಕವಿ, ಸಮಾಜವಾದಿ ವಿಲಿಯಂ ಮಾರಿಸ್‌ನ ಕಂಪನಿಯ ವಾಲ್‌ಪೇಪರುಗಳಲ್ಲೂ ಅದು ಸಿಕ್ಕಿದೆ. ಆತನ ಕುಟುಂಬದ ಸಂಪತ್ತು ಬಂದದ್ದು ಡೆವನ್ ಗ್ರೇಟ್ ಕಾನ್ಸೋಲ್ಸ್ ಎಂಬ ಗಣಿಯಿಂದ. ಅದು ತಾಮ್ರದ ಜೊತೆ ಆರ್ಸೆನಿಕ್ಕನ್ನೂ ತೆಗೆಯುತ್ತಿತ್ತು. ವಿಷದ ದೂರು ಬಂದಾಗ ಮಾರಿಸ್ 1885ರ ಪತ್ರವೊಂದರಲ್ಲಿ ವೈದ್ಯರಿಗೆ ಮಾಟಗಾತಿಯರ ಭ್ರಮೆಯಂಥದ್ದು ಹಿಡಿದಿದೆ ಎಂಬರ್ಥದಲ್ಲಿ ಬರೆದ. 1890ರ ದಶಕದ ಆರಂಭದಲ್ಲಿ ಇಟಲಿಯ ಬಾರ್ತೊಲೊಮಿಯೊ ಗೊಸಿಯೊ ಆ ಬಣ್ಣದ ಮೇಲೆ ಬೂಷ್ಟು ಬೆಳೆಸಿ ನೋಡಿದಾಗ ಬೆಳ್ಳುಳ್ಳಿ ವಾಸನೆಯ ಆರ್ಸೆನಿಕ್ ಅನಿಲ ಹೊರಬಂತು. ಅದರಿಂದ ಎಷ್ಟು ಜನರಿಗೆ ಏನಾಯಿತು ಎಂಬ ಚರ್ಚೆ ಇನ್ನೂ ಇದೆ. ನನಗೆ ಮುಖ್ಯವಾಗಿ ಕಾಣುವುದು ಬೂಷ್ಟು. ಒದ್ದೆ ಗೋಡೆಯ ಮೇಲೆ ಕಾಗದ ಅಂಟಿಸಿದ್ದರಿಂದಲೇ ಅದು ಅಲ್ಲಿಗೆ ಬಂತು.

ಇಂಗ್ಲಿಷ್ ಎಂ.ಎ. ಓದುವವರೆಲ್ಲ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ 'ದಿ ಯೆಲ್ಲೋ ವಾಲ್‌ಪೇಪರ್' ಕತೆಯನ್ನು ಓದಿರುತ್ತಾರೆ. ಬಾಣಂತಿ ಹೆಂಡತಿಗೆ ವಿಶ್ರಾಂತಿ ಬೇಕೆಂದು ವೈದ್ಯ ಗಂಡ ಅವಳನ್ನು ಮಹಡಿಯ ಕೋಣೆಯಲ್ಲಿ ಇಡುತ್ತಾನೆ, ಅವಳಿಗೆ ಆ ಹಳದಿ ಕಾಗದದ ಹಿಂದೆ ಒಬ್ಬ ಹೆಂಗಸು ಕಾಣತೊಡಗುತ್ತಾಳೆ. ತರಗತಿಗಳಲ್ಲಿ ಇದನ್ನು ಪಿತೃಪ್ರಭುತ್ವದ ರೂಪಕವೆಂದು ಪಾಠ ಮಾಡುತ್ತೇವೆ, ಸರಿಯೇ. ಆದರೆ ರೂಪಕದ ಅವಸರದಲ್ಲಿ ಗೋಡೆಯನ್ನು ಮರೆಯುತ್ತೇವೆ. ಅದು ಬಾಡಿಗೆ ಮನೆ. ಅವಳು ಕಾಗದ ಬದಲಾಯಿಸೋಣ ಎಂದಾಗ ಗಂಡ, ಮೂರು ತಿಂಗಳ ಬಾಡಿಗೆಗೋಸ್ಕರ ಮನೆ ರಿಪೇರಿ ಮಾಡಿಸುವ ಮನಸ್ಸಿಲ್ಲ ಎನ್ನುತ್ತಾನೆ. ಒಂದು ವಾರ ಮಂಜು ಮಳೆ ಹಿಡಿದಾಗ ಆ ಕಾಗದದ ವಾಸನೆ ಮನೆಯಿಡೀ ಹರಡುತ್ತದೆ. ಕಾಲೇಜಿನಲ್ಲಿ ಈ ಸಾಲುಗಳ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ. ಆ ಆಷಾಢದ ನಂತರ ನಿಂತಿತು. ಅವಳಿಗೆ ವಾಸನೆ ಬಂದದ್ದು ಹುಚ್ಚಿನಿಂದಲೇ ಇರಬೇಕಿಲ್ಲ.

ನನಗೆ ಎದುರು ವಾದ ಹೂಡುವವರ ಬಳಿ ಒಂದು ಒಳ್ಳೆಯ ಅಸ್ತ್ರವಿದೆ, ಅದನ್ನು ನಾನೇ ತೆಗೆದು ಕೊಡುತ್ತೇನೆ. ಜರ್ಮನಿಯ ವಾಸ್ತುಶಿಲ್ಪಿ ಗಾಟ್‌ಫ್ರೀಡ್ ಸೆಂಪರ್ 1851ರಲ್ಲೇ, ಗೋಡೆ ಹುಟ್ಟಿದ್ದು ಕಲ್ಲಿನಿಂದಲ್ಲ, ನೇಯ್ದ ಚಾಪೆಯಿಂದ ಎಂದು ವಾದಿಸಿದ್ದ. ಅವರ ಭಾಷೆಯಲ್ಲಿ ಗೋಡೆಗೆ 'ವಾಂಡ್', ಉಡುಪಿಗೆ 'ಗೆವಾಂಡ್'. ನಮಗೂ ಇದು ಅಪರಿಚಿತವಲ್ಲ. ಬಿದಿರು ಹೆಣೆದ ತಟ್ಟಿ, ಸೋಗೆಯ ತಡಿಕೆ ಎಲ್ಲ ನೇಯ್ಗೆಯ ಗೋಡೆಗಳೇ. ಅಂದಮೇಲೆ ಗೋಡೆಗೆ ಬಟ್ಟೆ ಹೊದಿಸುವುದು ಅಸಹಜವೇನಲ್ಲ, ಮೂಲಕ್ಕೆ ಮರಳಿದಂತೆ. ಒಪ್ಪಿದೆ. ಆದರೆ ಸೆಂಪರನ ದಾರಿಯಲ್ಲೇ ನಡೆದ ಅಡಾಲ್ಫ್ ಲೂಸ್ 1898ರಲ್ಲಿ ಹೊದಿಕೆಗೆ ಒಂದು ಕಟ್ಟಳೆ ಹಾಕಿದ: ಹೊದಿಸಿದ್ದನ್ನು ನೋಡಿ ಒಳಗಿರುವುದೇ ಇದು ಎಂದು ಯಾರಿಗೂ ಅನ್ನಿಸಬಾರದು. ಮರಕ್ಕೆ ಯಾವ ಬಣ್ಣ ಬೇಕಾದರೂ ಬಳಿಯಿರಿ, ಮರದ ಬಣ್ಣವೊಂದನ್ನು ಬಿಟ್ಟು, ಎಂಬುದು ಅವನ ಉದಾಹರಣೆ. ಪ್ಲಾಸ್ಟಿಕ್ಕಿನ ಮೇಲೆ ತೇಗದ ಗೆರೆ, ಫೋಮಿನ ಮೇಲೆ ಇಟ್ಟಿಗೆಯ ಗೆರೆ ಕಂಡಿದ್ದರೆ ಅವನು ಏನನ್ನುತ್ತಿದ್ದನೋ.

ಹೊದಿಕೆಯಲ್ಲಿ ಎರಡು ಬಗೆ. ಎತ್ತಿ ನೋಡಬಹುದಾದ್ದು ಮತ್ತು ಎತ್ತಲಾಗದ್ದು. ನಮ್ಮ ಮನೆಗಳಲ್ಲಿ ಕ್ಯಾಲೆಂಡರ್ ಯಾವಾಗಲೂ ಬಿರುಕಿನ ಮೇಲೆಯೇ ಇರುತ್ತದೆ, ಇದು ಎಲ್ಲರಿಗೂ ಗೊತ್ತಿರುವ ರಹಸ್ಯ. ತಿಂಗಳಿಗೊಮ್ಮೆ ಹಾಳೆ ತಿರುವುವಾಗ ಬಿರುಕು ಎಷ್ಟು ಬೆಳೆದಿದೆ ಎಂದೂ ಕಣ್ಣಿಗೆ ಬೀಳುತ್ತದೆ. ಹಳೆಯ ಇಳಕಲ್ ಸೀರೆಯನ್ನು ಕೋಲಿಗೆ ಪೋಣಿಸಿ ತೂಗುಹಾಕಿ, ಹಿಂದೆ ಗಾಳಿಯಾಡುತ್ತದೆ. ಪುಸ್ತಕದ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ. ಶಿವಮೊಗ್ಗ, ಉತ್ತರ ಕನ್ನಡದ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆಗೋಡೆ ಚಿತ್ತಾರ ನೋಡಿ. ಮಣ್ಣಿನ ಗೋಡೆಗೆ ಕೆಮ್ಮಣ್ಣು ಸಾರಿಸಿ, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ, ಸುಟ್ಟಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ ಎಳೆ ಎಳೆಯಾಗಿ ಬರೆಯುವ ಚಿತ್ರ ಅದು. ಗೋಡೆಯ ಉಬ್ಬು ಅಲ್ಲಿ ಮಾಯವಾಗುವುದಿಲ್ಲ, ಎಳೆ ಅದರ ಮೇಲೆ ಹತ್ತಿ ಇಳಿಯುತ್ತದೆ. ಗೋಡೆಗೆ ಉಸಿರೂ ಕಟ್ಟುವುದಿಲ್ಲ.

ಇಲ್ಲಿಗೆ ಬಂದಾಗ ಒಂದು ಅಪಾಯವಿದೆ. ಅಯ್ಯೋ ಆ ಮಣ್ಣಿನ ಮನೆ, ಆ ಸುಣ್ಣದ ತಂಪು ಎಂದು ಹಾಡತೊಡಗುವುದು. ನಾನು ಹಾಡುವುದಿಲ್ಲ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಅದರ ಕ್ಷಾರಗುಣಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಎಲ್ಲ ನಿಜ. ಆದರೆ ಬೆಲ್ಲ, ಅಳಲೆಕಾಯಿ ನೀರು ಹಾಕಿ ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಕಾಲ ಹೋಯಿತು. ಈಗ ಗಾರೆ ಎಂಬ ಪದ ಮಾತ್ರ ಉಳಿದಿದೆ, ಒಳಗಿರುವುದು ಸಿಮೆಂಟು. ಮಣ್ಣಿನ ಗೋಡೆಯನ್ನು ಪ್ರತಿವರ್ಷ ಸಾರಿಸಿ ಮೆತ್ತುತ್ತಿದ್ದದ್ದು ಯಾರು? ನನ್ನ ಅಜ್ಜಿಯ ಬೆನ್ನು ಬಾಗಿದ್ದು ಬರೀ ವಯಸ್ಸಿನಿಂದಲ್ಲ. ಒಂದು ಕೋಟು ಎಮಲ್ಷನ್ ಬಳಿದು ಐದು ವರ್ಷ ಮರೆಯಬಹುದು ಎಂದರೆ ಅದನ್ನು ಬೇಡ ಎನ್ನುವ ಧೈರ್ಯ, ಸಾರಿಸದವರಿಗೆ ಮಾತ್ರ ಇರುತ್ತದೆ. ನಾನು ಕೇಳುತ್ತಿರುವುದು ಹಳೆಯ ಗೋಡೆಯನ್ನಲ್ಲ. ಅಜ್ಜಿ ವರ್ಷಕ್ಕೊಮ್ಮೆ ಗೋಡೆಯ ಇಂಚಿಂಚೂ ಮುಟ್ಟುತ್ತಿದ್ದಳಲ್ಲ, ಎಲ್ಲಿ ಇಲಿ ತೋಡಿದೆ, ಎಲ್ಲಿ ನೀರು ಇಳಿದಿದೆ ಎಂದು ಅವಳ ಅಂಗೈಗೆ ಗೊತ್ತಿತ್ತಲ್ಲ, ಆ ತಿಳಿವಳಿಕೆಯನ್ನು. ಅದಕ್ಕೆ ಬೆನ್ನು ಬಗ್ಗಿಸಬೇಕಿಲ್ಲ, ಗೋಡೆ ಕಣ್ಣಿಗೆ ಕಾಣುವಂತಿದ್ದರೆ ಸಾಕು.

ಬಾಡಿಗೆದಾರರನ್ನು ಬೈಯುವುದೂ ನನ್ನ ಉದ್ದೇಶವಲ್ಲ. ಪೈಪು ಒಡೆಸುವ ಹಕ್ಕು ಅವರಿಗಿಲ್ಲ. ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿ ಒಂದು ಪರದೆ ತೂಗುಹಾಕಿ ನೆಮ್ಮದಿಯಾಗಿ ಮಲಗುವವರ ಬಗ್ಗೆ ಯಾರು ಏನು ಹೇಳಲಾದೀತು? ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಚಾರ್ಜ್ ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ರೂಢಿ. ಆ ದುಡ್ಡು ಗೋಡೆಯನ್ನು ವಾಸಿ ಮಾಡಲು ಹೋಗುವುದಿಲ್ಲ, ಮುಂದಿನವರಿಗೆ ಕಾಣದ ಹಾಗೆ ಮಾಡಲು ಹೋಗುತ್ತದೆ. ಹೋಗುವವನ ದುಡ್ಡಿನಲ್ಲಿ ಬರುವವನ ಕಣ್ಣು ಕಟ್ಟುವ ಈ ಏರ್ಪಾಡಿಗೆ ಇಡೀ ನಗರ ಒಪ್ಪಿ ತಲೆಯಾಡಿಸಿದೆ. ಸ್ವಂತ ಮನೆಯವರಿಗೆ ಬೇರೆ ಅವಸರ. ಗೃಹಪ್ರವೇಶ, ಮದುವೆ, ಹೆಣ್ಣು ನೋಡಲು ಬರುವವರು, ವಿದೇಶದಿಂದ ಬರುವ ನೆಂಟರು. ಗೋಡೆ ಒಣಗಲು ಬೇಸಿಗೆ ಬೇಕು, ಮುಹೂರ್ತ ಇರುವುದು ಶ್ರಾವಣದಲ್ಲಿ.

ನಾವು ಆ ಮನೆ ಬಿಟ್ಟೆವು. ಪೇಂಟಿಂಗ್ ಚಾರ್ಜಿನ ಜೊತೆ ಬಿಚ್ಚಿದ ಪ್ಯಾನೆಲ್ಲಿಗೂ ದುಡ್ಡು ಮುರಿದುಕೊಂಡರು. ಕೆಲವು ತಿಂಗಳ ನಂತರ ಹಳೆಯ ವಿಳಾಸಕ್ಕೆ ಬಂದಿದ್ದ ಒಂದು ಅಂಚೆ ತರಲು ಹೋದೆ. ಹೊಸಬರು ಬಂದಿದ್ದರು, ಗಂಡ ಹೆಂಡತಿ, ಒಂದು ಸಣ್ಣ ಮಗು. ಬಾಗಿಲು ತೆಗೆದ ಆಕೆ ಒಳಗೆ ಕರೆದರು, ನೀರು ಕೊಟ್ಟರು. ಕೋಣೆಗೆ ಹೊಸ ಪ್ಯಾನೆಲ್ ಬಂದಿತ್ತು, ಈ ಸಲ ಅಮೃತಶಿಲೆಯದು. ಮಗುವಿನ ತೊಟ್ಟಿಲು ಅದಕ್ಕೆ ತಾಗಿಕೊಂಡೇ ಇತ್ತು. ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ ಎಲ್ಲ ಹೇಳಿದೆ. ಬಚ್ಚಲಿನ ಪೈಪು, ಕಪ್ಪು ಬೂಷ್ಟು, ಪ್ಲಾಸ್ಟಿಕ್ ಹಾಳೆ ಅಂಟಿಸಿ ಎರಡು ದಿನ ಬಿಡುವ ಪರೀಕ್ಷೆ. ಆಕೆ ಗಮನವಿಟ್ಟು ಕೇಳಿ, ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿದರು.

"ಹಾಳೇನ ಎಲ್ಲಿಗೆ ಅಂಟಿಸೋದು ಮೇಡಂ? ಗೋಡೆ ಎಲ್ಲೂ ಸಿಗ್ತಾನೇ ಇಲ್ವಲ್ಲ."

ತೊಟ್ಟಿಲನ್ನು ಇಬ್ಬರೂ ಸೇರಿ ಕಿಟಕಿಯ ಕಡೆಗೆ ಸರಿಸಿದೆವು.